ಖುಷ್ಕಿ ಎಂದರೆ ಖಾಲಿಯಲ್ಲ

ಭೂಸ್ವಾಧೀನದ ಜಂಟಿ ಅಳತೆಗೆಂದು ಕಂದಾಯ ಸಿಬ್ಬಂದಿ ಹೊಲಕ್ಕೆ ಬಂದಾಗ ಎಣಿಕೆಯ ಕೆಲಸ ಶ್ರದ್ಧೆಯಿಂದಲೇ ನಡೆಯುತ್ತದೆ. ಹುಣಸೆ ಮರ ಎಷ್ಟು, ಹೊಂಗೆ ಎಷ್ಟು, ತೆಂಗಿಗೆ ವಯಸ್ಸೆಷ್ಟು, ಕೊಳವೆಬಾವಿಯ ಆಳವೆಷ್ಟು, ಪಂಪ್‌ಸೆಟ್ ಮನೆಯ ಗೋಡೆ ಇಟ್ಟಿಗೆಯದೋ ಕಲ್ಲಿನದೋ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ಒಂದು ದರವಿದೆ. ಬದುವಿನಲ್ಲಿ ಅರ್ಧ ಹೂತು ನಿಂತ ವೀರಗಲ್ಲಿಗೆ ಮಾತ್ರ ಆ ಎಣಿಕೆಯಲ್ಲಿ ಜಾಗವಿಲ್ಲ. ಮುಂಗಾರಿನ ಮೊದಲ ಮಳೆಗೆ ಕಪ್ಪು, ಕೆಂಪು ಮಡಕೆಚೂರುಗಳು ತೊಳೆದು ಮೇಲೆ ಬರುವ ದಿಬ್ಬಕ್ಕೂ ಇಲ್ಲ. ಪಹಣಿಯಲ್ಲಿ ಆ ನೆಲದ ಹೆಸರು ಖುಷ್ಕಿ. ಯೋಜನೆಯ ವರದಿಯಲ್ಲಿ ಅದು ‘ಮಳೆಯಾಶ್ರಿತ ಒಣಭೂಮಿ’ಯಾಗುತ್ತದೆ, ಭಾಷಣದಲ್ಲಿ ‘ಬಂಜರು’ ಆಗುತ್ತದೆ, ಗುತ್ತಿಗೆದಾರನ ಬಾಯಲ್ಲಿ ‘ಖಾಲಿ ಜಾಗ’ವಾಗುತ್ತದೆ. ಒಂದು ಕಂದಾಯದ ಪದ ಮೂರು ಹೆಜ್ಜೆಯಲ್ಲಿ ಇಷ್ಟು ದೂರ ಸಾಗುವುದನ್ನು ಕಂಡೂ ಕಾಣದಂತೆ ಇರುವುದು ಈ ಸೀಮೆಯ ವಿದ್ಯಾವಂತರ ದೊಡ್ಡ ತಪ್ಪು.

ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮೇಲೆ ಕಳೆದ ಎರಡು ದಶಕಗಳಲ್ಲಿ ಬಿದ್ದಷ್ಟು ಯೋಜನೆಗಳ ಗೆರೆಗಳು ಹಿಂದೆಂದೂ ಬಿದ್ದಿರಲಿಲ್ಲ. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಹೋಗುವ ತುಮಕೂರು-ರಾಯದುರ್ಗ ರೈಲು ಮಾರ್ಗ 2007-08ರಲ್ಲಿ ಮಂಜೂರಾಯಿತು. ಸಿರಾ, ಹಿರಿಯೂರುಗಳ ಮೂಲಕ ಹೋಗುವ ತುಮಕೂರು-ಚಿತ್ರದುರ್ಗ-ದಾವಣಗೆರೆ ಮಾರ್ಗ 2011-12ರಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ತುಮಕೂರು ಶಾಖಾ ಕಾಲುವೆ ಒಂದು ಕಡೆ. ಎತ್ತಿನಹೊಳೆ ನೀರಿಗಾಗಿ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಬಳಿ ಕಟ್ಟಬೇಕೆಂದಿದ್ದ ಜಲಾಶಯ ಇನ್ನೊಂದು ಕಡೆ. ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು ಸ್ಥಾಪಿಸಿದ ಸೌರ ಉದ್ಯಾನ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಯ ವೇಳೆಗೆ 2,000 ಮೆಗಾವಾಟ್ ಮುಟ್ಟಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಇತ್ತು. ಬರದಲ್ಲಿ ಬೆಂದ ಕುಟುಂಬಗಳಿಗೆ ಆ ಹಣ ಆಸರೆಯಾದದ್ದು ಸುಳ್ಳಲ್ಲ. ಕೂಲಿಗೆ ಆ ಹೊಲಗಳನ್ನೇ ನಂಬಿದ್ದ ಭೂರಹಿತರಿಗೂ ಕುರಿ ಮೇಯಿಸುವವರಿಗೂ ಬೇಲಿಯ ಹೊರತು ಏನೂ ದಕ್ಕಲಿಲ್ಲವೆಂಬುದೂ ಸುಳ್ಳಲ್ಲ.

ಈ ಎಲ್ಲ ಯೋಜನೆಗಳ ಸಂದರ್ಭದಲ್ಲೂ ಚರ್ಚೆ ನಡೆದಿದೆ. ಬೈರಗೊಂಡ್ಲು ವಿಷಯದಲ್ಲಿ ದೊಡ್ಡಬಳ್ಳಾಪುರದ ರೈತನಿಗೆ ಒಂದು ದರ, ಪಕ್ಕದ ಕೊರಟಗೆರೆಯ ರೈತನಿಗೆ ಇನ್ನೊಂದು ದರವೇ ಎಂಬ ಪ್ರಶ್ನೆ ಎದ್ದದ್ದು ನ್ಯಾಯವೇ. ಆದರೆ ಚರ್ಚೆಯೆಲ್ಲವೂ ನೆಲದ ಬೆಲೆಯ ಸುತ್ತಲೇ ಗಿರಕಿ ಹೊಡೆಯಿತು. ನೆಲದಲ್ಲಿ ಏನಿದೆ ಎಂದು ಯಂತ್ರ ಇಳಿಯುವ ಮೊದಲು ನೋಡಬೇಕು ಎಂಬ ಮಾತು ಬಲವಾಗಿ ಕೇಳಿಬರಲಿಲ್ಲ. ಆ ಮಾತನ್ನು ಆಡುವವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಸುಲಭವಾದ್ದರಿಂದ ಅದಕ್ಕೆ ಉತ್ತರ ಕೊಡುವ ಶ್ರಮವನ್ನೂ ಯಾರೂ ತೆಗೆದುಕೊಳ್ಳಲಿಲ್ಲ.

ಈ ಸೀಮೆಯ ನೆಲ ಬರಿದಾಗಿರಬಹುದೆಂದು ಊಹಿಸಲು ಆಧಾರವೇನೂ ಇಲ್ಲ. ಆಂಧ್ರದ ಗಡಿಗೆ ಸಮೀಪದ ಬರಗೂರಿನಿಂದ ಉತ್ತರಕ್ಕೆ ಹೊರಟರೆ ಮಡಕಶಿರಾ ತಾಲ್ಲೂಕಿನ ಹೇಮಾವತಿ ಸಿಗುತ್ತದೆ. ಹಳೆಯ ಶಾಸನಗಳ ಹೆಂಜೇರು ಅದು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನಾಳಿದ ನೊಳಂಬರ ರಾಜಧಾನಿ. ಇಂದಿನ ರಾಜ್ಯಗಡಿ ನೊಳಂಬರಿಗೆ ಗೊತ್ತಿರಲಿಲ್ಲ. ಅವರ ಕೆರೆ, ದತ್ತಿ, ಕಾಳಗಗಳ ಕುರುಹುಗಳು ಗಡಿಯ ಎರಡೂ ಬದಿಯ ಹೊಲಗಳಲ್ಲಿ ಹರಡಿವೆ. ಪಾವಗಡದ ನಿಡುಗಲ್ಲು ಮತ್ತೊಂದು ಅರಸು ಮನೆತನದ ದುರ್ಗ. ಸಿರಾ 1687ರ ನಂತರ ಮೊಗಲರ ಸುಬಾದ ಕೇಂದ್ರ. ಇನ್ನೂ ಹಿಂದಕ್ಕೆ ಹೋದರೆ, ಪಾವಗಡದಿಂದ ಬಹು ದೂರವಲ್ಲದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ನಯಗೊಳಿಸಿದ ಕಲ್ಲುಕೊಡಲಿಯ ಕಾಲದಿಂದ ಬೃಹತ್ ಶಿಲಾಗೋರಿಗಳ ಕಾಲದವರೆಗೆ ಜನ ಒಂದೇ ಕಡೆ ಬದುಕಿದ್ದ ಪದರಗಳು ಕಂಡವು. ವೀಲರ್ ಅವರು ಮೊದಲ ಪದರಕ್ಕೆ ಕೊಟ್ಟ ಕಾಲವನ್ನು ಮುಂದೆ ಇಂಗಾಲದ ಪರೀಕ್ಷೆಗಳು ಒಂದು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ತಳ್ಳಿದವು. ಇತಿಹಾಸವನ್ನು ಅಷ್ಟು ದೂರ ಕದಲಿಸಿದ್ದು ಯಾವ ಚಿನ್ನದ ಕಿರೀಟವೂ ಅಲ್ಲ, ಆ ಕಾಲದ ನೆಲೆಗಳಲ್ಲಿ ಸಿಕ್ಕ ಇದ್ದಿಲ ಚೂರು.

ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ 1904ರಲ್ಲಿ ಅಚ್ಚಾಯಿತು. ರೈಸ್ ಅವರ ಸಿಬ್ಬಂದಿ ಊರೂರು ಅಲೆದು, ಕಲ್ಲಿನ ಮೇಲಿನ ಪಾಚಿ ಕೆರೆದು ಅಕ್ಷರಗಳನ್ನು ಎತ್ತಿಕೊಂಡ ಫಲ ಅದು. ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರ ಕಾಲದ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಆ ಕೆಲಸವನ್ನು ಮುಂದುವರಿಸಿದವು. ಎತ್ತಿನ ಗಾಡಿಯ ಕಾಲದಲ್ಲಿ ಸಾಧ್ಯವಾದ ಹಳ್ಳಿಹಳ್ಳಿಯ ಓಡಾಟ ಉಪಗ್ರಹದ ಕಾಲದಲ್ಲಿ ಏಕೆ ಅಸಾಧ್ಯ ಎಂಬುದನ್ನು ಯಾರಾದರೂ ವಿವರಿಸಬೇಕು.

ಕಲ್ಲಿಗಾದರೂ ಒಂದಿಷ್ಟು ಅದೃಷ್ಟವುಂಟು. ಅದರಲ್ಲಿ ಅಕ್ಷರವಿದ್ದರೆ ಯಾರೋ ಒಬ್ಬ ಮೇಷ್ಟರು ಓದುತ್ತಾರೆ, ಕುದುರೆ ಸವಾರನಿದ್ದರೆ ಯಾರೋ ಅರಿಶಿನ ಕುಂಕುಮ ಹಚ್ಚುತ್ತಾರೆ. ಯಂತ್ರ ಚಲಾಯಿಸುವವನೂ ಅದನ್ನು ಪಕ್ಕಕ್ಕೆ ಸರಿಸಿ ಇಡುತ್ತಾನೆ. ಮಣ್ಣಿಗೆ ಆ ಅದೃಷ್ಟವಿಲ್ಲ. ಹೊಲದ ಮಣ್ಣಿನಲ್ಲಿರುವ ಸಾಕ್ಷ್ಯ ಕಣ್ಣಿಗೆ ಕಾಣುವಂಥದಲ್ಲ, ಪೂಜೆಗೂ ಒದಗುವಂಥದಲ್ಲ. ಕೃಷಿಯ ದೃಷ್ಟಿಯಿಂದ ನೋಡಿದರೆ ಇಡೀ ವಿಷಯದಲ್ಲಿ ಅತ್ಯಂತ ಅಮೂಲ್ಯವಾದದ್ದು ಅದೇ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕೊರಲೆ ಈ ಸೀಮೆಯ ಧಾನ್ಯ. ತುಮಕೂರು, ಚಿತ್ರದುರ್ಗ, ಅನಂತಪುರಗಳ ಗಡಿಯ ಬಡ ಮಣ್ಣಿನಲ್ಲಿ, ಹುಣಸೆ ಮರದ ನೆರಳಿನಲ್ಲೂ ಬೆಳೆಯುವ, ಕಡಿಮೆ ಮಳೆಯಲ್ಲೂ ಕೈಬಿಡದ ಬೆಳೆ. ಒಂದು ಕಾಲದಲ್ಲಿ ದೇಶದ ಉಳಿದ ಕಡೆ ಇದರ ಹೆಸರೇ ಅಷ್ಟಾಗಿ ಗೊತ್ತಿರಲಿಲ್ಲ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನಗರದ ಅಂಗಡಿಗಳಲ್ಲಿ ಇದಕ್ಕೆ ಅಕ್ಕಿಗಿಂತ ಹೆಚ್ಚು ಬೆಲೆ ಬಂತು. ಈ ಧಾನ್ಯದ ವಂಶಾವಳಿ ತಿಳಿದದ್ದು ಹೇಗೆ? ಬಳ್ಳಾರಿ ಬಳಿಯ ಸಂಗನಕಲ್ಲು, ತೆಕ್ಕಲಕೋಟೆ, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಸಹೋದ್ಯೋಗಿಗಳು ನೀರಿನಲ್ಲಿ ಕದಡಿ ಸೋಸಿದಾಗ. ವಿಧಾನ ಬಲು ಸರಳ. ಪದರದಿಂದ ಪದರಕ್ಕೆ ಬೇರೆಬೇರೆಯಾಗಿ ತೆಗೆದ ಮಣ್ಣನ್ನು ತೊಟ್ಟಿಯ ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ತಳಕ್ಕೆ ಇಳಿಯುತ್ತದೆ, ಒಲೆಯಲ್ಲಿ ಸೀದು ಇದ್ದಿಲಾದ ಕಾಳು ಮೇಲೆ ತೇಲುತ್ತದೆ. ಸಣ್ಣ ಜರಡಿಯಲ್ಲಿ ಅದನ್ನು ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಹೀಗೆ ತೇಲಿದ ಕಾಳುಗಳಲ್ಲಿ ಕೊರಲೆ ಇತ್ತು, ಹುರುಳಿ ಇತ್ತು, ಹೆಸರು ಇತ್ತು. ನವಣೆಯ ಹತ್ತಿರದ ಸಂಬಂಧಿಯಾದ, ಇಂದು ಕಳೆಯೆಂದು ಕಿತ್ತೆಸೆಯುವ, ಬಟ್ಟೆಗೆ ಅಂಟಿಕೊಳ್ಳುವ ಒಂದು ಹುಲ್ಲಿನ ಕಾಳೂ ಇತ್ತು. 2004ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ, ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆಯೇ ದಕ್ಷಿಣದ ಈ ಒಣನಾಡಿನ ಜನ ತಮ್ಮದೇ ಕಾಡುಹುಲ್ಲು, ಕಾಡುಬಳ್ಳಿಗಳನ್ನು ಪಳಗಿಸಿ ಬೇಸಾಯ ಕಟ್ಟಿಕೊಂಡಿದ್ದರೆಂಬ ವಾದಕ್ಕೆ ಬಲ ಬಂತು.

ಇದರ ಅರ್ಥವನ್ನು ಪಾವಗಡ, ಸಿರಾಗಳ ರೈತರು ಸರಿಯಾಗಿ ಗ್ರಹಿಸಬೇಕು. ಬೇಸಾಯವೆಂಬುದು ಉತ್ತರದ ನದೀಬಯಲಿನಿಂದಲೋ ಕಡಲಾಚೆಯಿಂದಲೋ ಬಂದ ವಿದ್ಯೆ, ಈ ಕಲ್ಲುನೆಲದ ಜನ ಅದನ್ನು ಕಲಿತುಕೊಂಡವರು ಮಾತ್ರ ಎಂಬ ಪಾಠ ಸುಳ್ಳಾಯಿತು. ರಾಗಿಯ ವಿಷಯ ಬೇರೆ. ಅದು ಆಫ್ರಿಕಾದಿಂದ ಬಂದ ಅತಿಥಿ. ಅದು ಇಲ್ಲಿಗೆ ಯಾವಾಗ ಬಂತೆಂಬುದು ಇನ್ನೂ ತೀರ್ಮಾನವಾಗಿಲ್ಲ. 1965ರಲ್ಲಿ ಹಳ್ಳೂರನ್ನು ಅಗೆದಾಗ ಸಿಕ್ಕ ಕಾಳು ರಾಗಿಯೆಂದು ಗುರುತಿಸಲ್ಪಟ್ಟಿತು, ಆ ಗುರುತನ್ನು ಆಮೇಲೆ ಬಂದವರು ಪ್ರಶ್ನಿಸಿದರು. ಇಡೀ ಹಳೆಯ ಮೈಸೂರಿನ ಮುದ್ದೆಯ ಇತಿಹಾಸ ಒಂದು ಬೊಗಸೆ ಕರಿಕಾಳಿನ ಮೇಲೆ ನಿಂತಿದೆ. ಅಂಥ ಇನ್ನೊಂದು ಬೊಗಸೆ ಮಧುಗಿರಿಯ ಯಾವ ಹಾಳೂರು ದಿಬ್ಬದಲ್ಲಿದೆಯೋ, ಯಾವ ರೈಲು ಏರಿಯ ಹೊಟ್ಟೆಗೆ ಹೋಗಿದೆಯೋ, ಹೇಳಬಲ್ಲವರು ಇಲ್ಲ. ಟಿಪ್ಪರಿಗೆ ತುಂಬಿದ ಮಣ್ಣಿನಲ್ಲಿ ಪದರವೆಂಬುದು ಉಳಿಯುವುದಿಲ್ಲ. ಪದರ ಹೋದ ಮೇಲೆ ಕಾಳು ಸಿಕ್ಕರೂ ಅದಕ್ಕೆ ಕಾಲವಿಲ್ಲ.

ಹಳೆಯ ಊರಿನ ನೆಲದ ಗುಣ ರೈತನಿಗೆ ಮೊದಲಿನಿಂದ ಗೊತ್ತು. ಕಂದಾಯದ ಕಡತದಲ್ಲಿ ‘ಬೇಚಿರಾಕ್’ ಎಂದು ನಮೂದಾದ, ದೀಪ ಉರಿಯದ ಊರುಗಳ ಬೂದುಬಣ್ಣದ ಮಣ್ಣನ್ನು ಗಾಡಿಯಲ್ಲಿ ಹೇರಿ ತಂದು ಹೊಲಕ್ಕೆ ಗೊಬ್ಬರವಾಗಿ ಹರಡುವ ರೂಢಿ ದಖ್ಖನದ ಅನೇಕ ಕಡೆ ಇತ್ತು. ಶತಮಾನಗಳ ಸಗಣಿ, ಬೂದಿ, ಮೂಳೆ ಕೂಡಿಕೊಂಡ ಆ ಮಣ್ಣಿನಲ್ಲಿ ರಂಜಕ ಹೆಚ್ಚು. ರಂಜಕ ಸುಲಭವಾಗಿ ಬಸಿದುಹೋಗುವುದಿಲ್ಲ. ಜನ ಬಿಟ್ಟುಹೋದರೂ ಅದು ಜನರ ಗುರುತಾಗಿ ಉಳಿಯುತ್ತದೆ. ಸ್ವೀಡನ್ನಿನಲ್ಲಿ 1920ರ ದಶಕದಲ್ಲಿ ಓಲೋಫ್ ಅರ್ರೇನಿಯಸ್ ಎಂಬ ವಿಜ್ಞಾನಿ ಸಕ್ಕರೆ ಬೀಟಿನ ಬೆಳೆಗಾಗಿ ಹೊಲಗಳ ಮಣ್ಣು ಪರೀಕ್ಷಿಸುತ್ತಿದ್ದಾಗ, ರಂಜಕ ಹೆಚ್ಚಿದ್ದ ಕಡೆಯಲ್ಲೆಲ್ಲ ಹಿಂದೆ ಜನವಸತಿ ಇದ್ದುದನ್ನು ಗಮನಿಸಿದರು. ಅಂದಿನಿಂದ ಅದು ಪುರಾತತ್ತ್ವದ ಒಂದು ವಿಧಾನವೇ ಆಯಿತು. ಭಾರತದಲ್ಲಿ 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಹೊಲಗಳ ರಂಜಕದ ಅಂಕಿ ಸರ್ಕಾರದ ಬಳಿಯೇ ಸೇರಿದೆ. ಡಿಎಪಿ ಸುರಿದ ಹೊಲದಲ್ಲಿ ಈ ಲೆಕ್ಕ ಕೆಡುತ್ತದೆ, ಹತ್ತು ಹೆಕ್ಟೇರಿಗೊಂದು ಮಾದರಿಯಿಂದ ದಿಬ್ಬದ ಅಂಚನ್ನು ಗುರುತಿಸಲೂ ಆಗದು, ನಿಜ. ಆದರೂ ಎಲ್ಲಿಂದ ಹುಡುಕಾಟ ಆರಂಭಿಸಬೇಕೆಂದು ತಿಳಿಯಲು ಅಂಥ ಅಂಕಿಗಳೂ, ಊರ ಹಿರಿಯರ ನೆನಪೂ ಸಾಕು.

ಕಾನೂನು ಏನು ಹೇಳುತ್ತದೆ? 1958ರ ಕೇಂದ್ರ ಕಾಯ್ದೆ, 1961ರ ಕರ್ನಾಟಕದ ಕಾಯ್ದೆ ಎರಡೂ ಅಧಿಸೂಚನೆಯಾದ ಸ್ಮಾರಕಗಳನ್ನು ಕಾಯುತ್ತವೆ. ಕೇಂದ್ರದ ಪಟ್ಟಿಯಲ್ಲಿ ದೇಶದಾದ್ಯಂತ ಇರುವುದು 3,700ಕ್ಕೆ ಸಮೀಪದ ಸಂಖ್ಯೆ. 2010ರ ತಿದ್ದುಪಡಿಯಂತೆ ಅವುಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಸರ್ಕಾರದ ಕಾಮಗಾರಿಗಳಿಗಾಗಿ ಆ 100 ಮೀಟರನ್ನೂ ಸಡಿಲಿಸುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆಯನ್ನು ದಾಟಿ, ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು. ಪಟ್ಟಿಯಲ್ಲಿರುವುದಾದರೂ ಕ್ಷೇಮವೇ? ಮಹಾಲೇಖಪಾಲರು 2013ರ ವರದಿಯಲ್ಲಿ, ತಪಾಸಣೆಗೊಳಗಾದ ಸಂರಕ್ಷಿತ ಸ್ಮಾರಕಗಳಲ್ಲಿ 92 ಸ್ಥಳದಲ್ಲೇ ಇಲ್ಲವೆಂದು ಬರೆದರು. ಪಟ್ಟಿಯಲ್ಲಿಲ್ಲದ ಹೊಲದ ಗತಿಯನ್ನು ಹೇಳಬೇಕಾಗಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅರ್ಜಿ ನಮೂನೆಯಲ್ಲಿ ಸಾಂಸ್ಕೃತಿಕ ಮಹತ್ವದ ಸ್ಥಳಗಳ ಬಗ್ಗೆ ಪ್ರಶ್ನೆಯುಂಟು. ಆದರೆ ಅದು ಈಗಾಗಲೇ ಕಾನೂನಿನ ರಕ್ಷಣೆ ಪಡೆದ ಸ್ಥಳಗಳನ್ನು ಕೇಳುತ್ತದೆ, ಇನ್ನೂ ಯಾರೂ ನೋಡದ ನೆಲವನ್ನು ನೋಡಿ ಬನ್ನಿ ಎನ್ನುವುದಿಲ್ಲ. ರೈಲು ಮಾರ್ಗಗಳು ಆ ಅಧಿಸೂಚನೆಯ ವ್ಯಾಪ್ತಿಗೇ ಬರುವುದಿಲ್ಲ. ಸೌರ ವಿದ್ಯುತ್ ಘಟಕಗಳಿಗೂ ಆ ಅನುಮತಿ ಬೇಡ. 13,000 ಎಕರೆ ಸಮತಟ್ಟು ಮಾಡುವ ಮುನ್ನ ಒಮ್ಮೆ ನಡೆದು ನೋಡಿ ಎಂದು ಒತ್ತಾಯಿಸುವ ಒಂದು ಸಾಲೂ ಆ ಅಧಿಸೂಚನೆಯಲ್ಲಿರಲಿಲ್ಲ. ಉಳಿದದ್ದು 2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನ. ಕರ್ನಾಟಕ 2019ರ ತಿದ್ದುಪಡಿಯಿಂದ ಹಲವು ಬಗೆಯ ಮೂಲಸೌಕರ್ಯ ಯೋಜನೆಗಳನ್ನು ಅದರಿಂದಲೂ ಹೊರಗಿಡಲು ದಾರಿ ಮಾಡಿಕೊಂಡಿತು.

ಇದು ಬಡ ದೇಶ, ಇಂಥ ವೈಭೋಗ ಸಾಧ್ಯವಿಲ್ಲ ಎನ್ನುವವರಿಗೆ ಈ ದೇಶದ್ದೇ ಉತ್ತರವಿದೆ. ಇಂದಿಗಿಂತ ಎಷ್ಟೋ ಬಡವಾಗಿದ್ದ ಭಾರತ 1954ರಿಂದ 1960ರವರೆಗೆ ನಾಗಾರ್ಜುನಸಾಗರದಲ್ಲಿ ಮುಳುಗಲಿದ್ದ ನಾಗಾರ್ಜುನಕೊಂಡದ ಕಣಿವೆಯನ್ನು ಅಗೆದು, ನೂರಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿ, ಹಲವು ಕಟ್ಟಡಗಳನ್ನು ಎತ್ತರದ ಜಾಗದಲ್ಲಿ ಮರಳಿ ಕಟ್ಟಿತು. ಅಣೆಕಟ್ಟೂ ನಿಂತಿತು. ಶ್ರೀರಂಗಪಟ್ಟಣದಲ್ಲಿ ಬೆಂಗಳೂರು-ಮೈಸೂರು ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ ಸುಮಾರು 100 ಮೀಟರ್ ಆಚೆಗೆ ಸಾಗಿಸಿದ್ದು 2017ರಲ್ಲಿ. ಆ ಕಟ್ಟಡಕ್ಕಾಗಿ ಹಳಿ ವರ್ಷಗಟ್ಟಲೆ ಕಾಯಿತು. ಅಂದರೆ ಕಾಯುವುದು ರೈಲ್ವೆಗೆ ಗೊತ್ತು. ಅರಮನೆಗಾಗಿ ಕಾಯುತ್ತದೆ, ಹೊಲಕ್ಕಾಗಿ ಕಾಯುವುದಿಲ್ಲ. ಈ ಭೇದ ರೈಲ್ವೆಯದು ಮಾತ್ರವಲ್ಲ, ಪುರಾತತ್ತ್ವವನ್ನು ಅರಸರ ಆಸ್ತಿಪಟ್ಟಿಯೆಂದು ತಿಳಿದ ವಿದ್ವಾಂಸರದೂ ಹೌದು. ಕಾಯದೆ ಹೋದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಹಳೆಯದೇ: 1850ರ ದಶಕದಲ್ಲಿ ಲಾಹೋರ್-ಮುಲ್ತಾನ್ ರೈಲು ಹಳಿಯ ಕೆಳಗೆ ತುಂಬಲು ಹರಪ್ಪದ ದಿಬ್ಬದ ಇಟ್ಟಿಗೆಗಳನ್ನು ಸಾಗಿಸಿದರು. ಒಂದು ನಾಗರಿಕತೆಯ ಹೆಸರು ಗೊತ್ತಾಗುವ ಮೊದಲೇ ಅದರ ಮೇಲೆ ರೈಲು ಓಡಿತು.

ಹೊರದೇಶಗಳಲ್ಲಿ ಈಗ ವ್ಯವಸ್ಥೆಯೇ ಬೇರೆ. ಇಂಗ್ಲೆಂಡಿನಲ್ಲಿ 1990ರ ಯೋಜನಾ ಮಾರ್ಗಸೂಚಿಯಿಂದ, ಫ್ರಾನ್ಸಿನಲ್ಲಿ 2001ರ ಕಾನೂನಿನಿಂದ, ನಿರ್ಮಾಣಕ್ಕೆ ಮುನ್ನ ನೆಲದ ಪರಿಶೀಲನೆ ಮಾಡುವುದು ವಾಡಿಕೆಯಾಯಿತು. ವೆಚ್ಚದ ಹೊಣೆ ಮುಖ್ಯವಾಗಿ ಕಟ್ಟುವವನದು. ಜಪಾನಿನಲ್ಲೂ ಹಾಗೆಯೇ. ಮೊದಲು ಹಳೆಯ ನಕ್ಷೆ, ಕಡತ, ವೈಮಾನಿಕ ಚಿತ್ರಗಳನ್ನು ನೋಡುತ್ತಾರೆ. ಬಳಿಕ ಉತ್ತ ಹೊಲದಲ್ಲಿ ಸಾಲಾಗಿ ನಡೆದು ಮೇಲೆ ಬಿದ್ದ ಚೂರುಗಳನ್ನು ನಕ್ಷೆಗೆ ಏರಿಸುತ್ತಾರೆ. ಸಂಶಯವಿದ್ದ ಕಡೆ ಉಪಕರಣಗಳಿಂದ ನೆಲದ ಕಾಂತಗುಣ ಅಳೆದು, ಕೆಲವು ಪರೀಕ್ಷಾ ಕಂದಕ ತೋಡುತ್ತಾರೆ. ಏನಾದರೂ ಸಿಕ್ಕ ತುಂಡಿನಲ್ಲಿ ಮಾತ್ರ ಪೂರ್ಣ ಉತ್ಖನನ. ಅದು ಮುಗಿದ ಮೇಲೆ ನೆಲವನ್ನು ಕಾಮಗಾರಿಗೆ ಬಿಟ್ಟುಕೊಡುತ್ತಾರೆ. ಲಂಡನ್ನಿನ ಹೊಸ ವೇಗದ ರೈಲಿನ ನಿಲ್ದಾಣಕ್ಕಾಗಿ ಹಳೆಯ ಸ್ಮಶಾನವೊಂದನ್ನು ಹೀಗೆ ಅಗೆಯುವಾಗಲೇ, ಆಸ್ಟ್ರೇಲಿಯಾ ಖಂಡವನ್ನು ಸುತ್ತಿ ಬಂದ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ನ ಸಮಾಧಿ 2019ರಲ್ಲಿ ಸಿಕ್ಕಿತು.

ವಿಳಂಬವಾಗುತ್ತದೆ ಎಂಬ ಆಕ್ಷೇಪ ಕೇಳಲು ಗಂಭೀರವಾಗಿದೆ. ತಲೆಮಾರುಗಳಿಂದ ರೈಲಿಗಾಗಿ ಕಾದ ಪಾವಗಡದ ಜನರ ಮುಂದೆ ಆ ಮಾತನ್ನು ಎತ್ತಿದರೆ ಕೆಲಸವನ್ನೂ ಮಾಡುತ್ತದೆ. ಆದರೆ ಲೆಕ್ಕ ಹಾಕಲಿ. 2007-08ರಲ್ಲಿ ಮಂಜೂರಾದ ಮಾರ್ಗ ಹದಿನೈದು ವರ್ಷ ಕಳೆದರೂ ಮುಗಿದಿರಲಿಲ್ಲ. ಆ ವರ್ಷಗಳನ್ನು ತಿಂದದ್ದು ಪುರಾತತ್ತ್ವವೇ? ಅನುದಾನ, ಭೂಸ್ವಾಧೀನದ ಕಡತ, ರಾಜ್ಯ ಕೇಂದ್ರಗಳ ಪಾಲಿನ ಜಗಳ, ಟೆಂಡರು ಎಲ್ಲವೂ ತಮ್ಮ ತಮ್ಮ ಪಾಲಿನ ಕಾಲವನ್ನು ತೆಗೆದುಕೊಂಡವು. ಮಾರ್ಗದ ಗೆರೆ ನಿಗದಿಯಾದ ದಿನದಿಂದ ಯಂತ್ರ ಇಳಿಯುವ ದಿನದವರೆಗಿನ ಆ ದೀರ್ಘ ನಿದ್ರೆಯಲ್ಲಿ, ಒಂದು ಬೇಸಿಗೆಯ ರಜೆಯಷ್ಟು ಕಾಲ ತುಮಕೂರಿನ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳನ್ನು ಇಬ್ಬರು ಅನುಭವಿಗಳ ಜೊತೆ ಆ ಗೆರೆಯ ಮೇಲೆ ನಡೆಸಿದ್ದರೂ ಸಾಕಿತ್ತು. ರೈಲು ಒಂದು ದಿನವೂ ತಡವಾಗುತ್ತಿರಲಿಲ್ಲ. ಕೆಲಸ ನಿಲ್ಲಿಸಬೇಕಾಗಿ ಬರುವುದು ನೋಡದೆ ಅಗೆದಾಗ, ಅಕಸ್ಮಾತ್ತಾಗಿ ವಿಗ್ರಹ ಸಿಕ್ಕು ಊರು ಸೇರಿದಾಗ.

ರೈತನ ಭಯಕ್ಕೆ ಉತ್ತರ ಹೇಳುವುದು ಇದಕ್ಕಿಂತ ಕಷ್ಟ. ಹೊಲದಲ್ಲಿ ಏನಾದರೂ ಸಿಕ್ಕರೆ ಮೊದಲು ಮುಚ್ಚಿಬಿಡುವುದು ಹಳ್ಳಿಯ ವಿವೇಕ. ಇಲಾಖೆಗೆ ತಿಳಿದರೆ ಜಮೀನು ಹೋಗುತ್ತದೆ, ಪೊಲೀಸರು ನಿಧಿ ಎಲ್ಲಿ ಎಂದು ಕೇಳುತ್ತಾರೆ, ರಾತ್ರಿ ನಿಧಿಗಳ್ಳರು ಬಂದು ಬದು ಒಡೆಯುತ್ತಾರೆ. ಹಂಪಿಯ ಸುತ್ತಲ ರೈತರು ಮನೆಯ ಮೇಲೊಂದು ಕೋಣೆ ಕಟ್ಟಲೂ ಅನುಮತಿಗಾಗಿ ಅಲೆಯುವುದನ್ನು ಕೇಳಿದವರಿಗೆ ಈ ಭಯ ಅತಿಶಯವೆನಿಸದು. ಪುರಾತತ್ತ್ವದ ಪರವಾಗಿ ಮಾತನಾಡುವವರು ಈ ಭಯವನ್ನು ಅಜ್ಞಾನವೆಂದು ಹಳಿಯುವುದನ್ನು ಮೊದಲು ಬಿಡಬೇಕು. ತಿಳಿಸಬೇಕಾದದ್ದು ಇಷ್ಟು: ಮಡಕೆಚೂರೋ ವೀರಗಲ್ಲೋ ಸಿಕ್ಕ ಮಾತ್ರಕ್ಕೆ ಹೊಲ ಸರ್ಕಾರದ್ದಾಗುವುದಿಲ್ಲ, 100 ಮೀಟರಿನ ನಿಷೇಧ ಅಧಿಸೂಚನೆಯಾದ ಕೇಂದ್ರ ಸ್ಮಾರಕಗಳಿಗೆ ಮಾತ್ರ. ಕಾಮಗಾರಿಗೆ ಮುಂಚಿನ ಪರಿಶೀಲನೆಯ ಉದ್ದೇಶವೂ ನೆಲವನ್ನು ಕಟ್ಟಿಹಾಕುವುದಲ್ಲ, ಹೇಗೂ ಹೋಗಲಿರುವ ನೆಲವನ್ನು ಹೋಗುವ ಮೊದಲು ಓದಿಕೊಳ್ಳುವುದು. ಅಲ್ಲಿ ಕಳೆದುಕೊಳ್ಳಲು ರೈತನ ಬಳಿ ಹೊಸದೇನೂ ಉಳಿದಿರುವುದಿಲ್ಲ; ಪಡೆಯಲು ಮಾತ್ರ ಇದೆ. ಅಗೆತದ ಕೂಲಿ ಆ ಊರಿನವರಿಗೇ ಸಿಗಬೇಕು. ಬೆಳೆ ನಿಂತ ಹೊಲವಾದರೆ ಬೆಳೆನಷ್ಟ ಕಟ್ಟಿಕೊಡಬೇಕು. ಸಿಕ್ಕ ವಸ್ತುವಿನ ಪಟ್ಟಿ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಬೇಕು.

ಕೊನೆಯ ಮಾತಿಗೆ ಕಾರಣವುಂಟು. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು, ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅಶೋಕನ ಶಿಲ್ಪವೂ ಮಹಾಸ್ತೂಪವೂ ಹೊರಬಂದವು. ಅದರ ಪೂರ್ಣ ವರದಿ ಅಚ್ಚಾಗಲು ಒಂದು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಶಿಲ್ಪಗಳು ವರ್ಷಗಟ್ಟಲೆ ಬಯಲಲ್ಲೇ ಬಿದ್ದಿದ್ದವು. ಅಗೆದು ಬರೆಯದೆ ಇಡುವುದು ಅಗೆಯದೆ ಕೆಡವುವುದಕ್ಕಿಂತ ಹೆಚ್ಚು ಒಳ್ಳೆಯದೇನಲ್ಲ. ಪುರಾತತ್ತ್ವ ಇಲಾಖೆಯ ಕೈಗೆ ಒಪ್ಪಿಸಿದರೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು.

ಊರವರ ಕೈಯಲ್ಲಿರುವುದೇನು? ಮೊದಲನೆಯದು ಹೊಲಗಳ ಹೆಸರು. ಸರ್ವೆ ನಂಬರಿನ ಹಿಂದೆ ಪ್ರತಿ ಹೊಲಕ್ಕೂ ಒಂದು ಹಳೆಯ ಹೆಸರಿದೆ: ಹಾಳೂರು ಹೊಲ, ಗುಡಿ ಹೊಲ, ಕುಂಬಾರ ಗುಂಡಿ, ಕಬ್ಬಿಣದ ಕಿಟ್ಟ ಸಿಗುವ ಕಿಟ್ಟದ ಹೊಲ, ದೊಡ್ಡ ಕಲ್ಲುಚಪ್ಪಡಿಗಳ ಪಾಂಡವರ ಮನೆ. ಈ ಹೆಸರುಗಳೇ ಅರ್ಧ ಸರ್ವೇಕ್ಷಣೆ. ಅವು ಅರವತ್ತು ದಾಟಿದವರ ಬಾಯಲ್ಲಿ ಮಾತ್ರ ಉಳಿದಿವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಕೊರಲೆ, ಹುರುಳಿಗಳ ತಳಿಗಳ ಜೊತೆಗೆ ಈ ಹೆಸರುಗಳನ್ನೂ ದಿಬ್ಬಗಳನ್ನೂ ಬರೆಸಲು ಅಡ್ಡಿಯೇನೂ ಇಲ್ಲ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಈ ಕಾಯ್ದೆಯ ಅಡಿಯಲ್ಲೇ. ಮರ, ಕಲ್ಲು, ಮಣ್ಣು ಮೂರನ್ನೂ ಒಂದೇ ಕಡೆ ಬರೆಯುವುದು ಹಳ್ಳಿಗೆ ಸಹಜ. ಅವನ್ನು ಮೂರು ಇಲಾಖೆಗೆ ಹಂಚಿದ್ದು ಸರ್ಕಾರ.

ಎರಡನೆಯದು ಆಕ್ಷೇಪಣೆಯ ಅವಧಿ. ನೋಟಿಸು ಬಂದಾಗ ಅದು ಯಾವ ಕಾಯ್ದೆಯದೆಂದು ಮೊದಲು ನೋಡಬೇಕು. ರೈಲ್ವೆ ಕಾಯ್ದೆಯದಾದರೆ ಅಧಿಸೂಚನೆಯಿಂದ 30 ದಿನ, ಹೆದ್ದಾರಿ ಕಾಯ್ದೆಯದಾದರೆ 21 ದಿನ, 2013ರ ಕಾಯ್ದೆಯದಾದರೆ 60 ದಿನ. ಈ ಅವಧಿಯಲ್ಲಿ ಬಹುತೇಕ ಆಕ್ಷೇಪಣೆಗಳು ದರದ ಬಗ್ಗೆ ಮಾತ್ರ ಸಲ್ಲಿಕೆಯಾಗುತ್ತವೆ. ಅದರ ಜೊತೆಗೆ ಇನ್ನೊಂದು ಪುಟ ಸೇರಬೇಕು: ಇಂಥ ಸರ್ವೆ ನಂಬರಿನಲ್ಲಿ ಇಂಥ ಹೆಸರಿನ ದಿಬ್ಬವಿದೆ, ಇಷ್ಟು ಕಲ್ಲುಗಳಿವೆ, ಚೂರುಗಳು ಇಲ್ಲಿಂದ ಇಲ್ಲಿಯವರೆಗೆ ಹರಡಿವೆ, ಮೇಲ್ಮಣ್ಣು ತೆಗೆಯುವ ಮುನ್ನ ಪರಿಶೀಲನೆ ನಡೆಸಿ ವರದಿಯನ್ನು ಗ್ರಾಮಸಭೆಗೆ ಕೊಡಬೇಕು ಎಂದು. ಫೋಟೋದಲ್ಲಿ ಅಳತೆಗೊಂದು ಕೋಲು ಕಾಣುವಂತಿರಲಿ. ಚೂರುಗಳನ್ನು ಆರಿಸಿ ಮನೆಗೆ ತರಬಾರದು. ಬಿದ್ದ ಜಾಗದಲ್ಲೇ ಬಿಡಬೇಕು. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ, ಒಂದನ್ನು ಮೈಸೂರಿನ ಪುರಾತತ್ತ್ವ ಇಲಾಖೆಗೆ, ಒಂದನ್ನು ಪಂಚಾಯಿತಿಯ ಕಡತಕ್ಕೆ ಸೇರಿಸಬೇಕು. ಏರಿಗೆ ಮಣ್ಣು ತೆಗೆಯಲು ಗುತ್ತಿಗೆದಾರನು ಪಕ್ಕದ ಖಾಸಗಿ ಹೊಲವನ್ನು ಕೇಳಿಕೊಂಡು ಬಂದಾಗಲೂ ಇದೇ ಕ್ರಮವನ್ನು ಅನುಸರಿಸಬೇಕು. ಏಕೆಂದರೆ ಹಳಿಯ ಗೆರೆಗೆ ಸಿಗುವ ನೆಲಕ್ಕಿಂತ ಹಳಿಗಾಗಿ ಹೊಂಡವಾಗುವ ನೆಲಕ್ಕೆ ಲೆಕ್ಕ ಇಡುವವರು ಇನ್ನೂ ಕಡಿಮೆ.